ಹೊಟ್ಟೆಯ ಫೈಲು, ಎದೆಯ ಫೈಲು



ಅಕ್ಕಲಕೋಟೆ ತಾಲೂಕಿನ ನಮ್ಮ ಕಡೆ ಯಾರ ಮನೆಗೆ ಹೋದರೂ ಗೋಡೆಯ ಗೂಟಕ್ಕೆ ಒಂದು ಬಟ್ಟೆಯ ಚೀಲ ತೂಗುಬಿದ್ದಿರುತ್ತದೆ. ಹೊಲದ ಸಾತ್‌ಬಾರಾ ಉತಾರಾ, ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ, ಎಲ್ಲವೂ ಅದರಲ್ಲೇ. ಉತಾರಾ ಮರಾಠಿಯಲ್ಲಿ, ಲಗ್ನಪತ್ರಿಕೆ ಕನ್ನಡದಲ್ಲಿ, ದವಾಖಾನೆಯ ಕಾಗದ ಇಂಗ್ಲಿಷಿನಲ್ಲಿ. ನಿಮ್ಮ ಮನೆಯಲ್ಲೂ ಇಂಥದೊಂದು ಚೀಲ ಇದ್ದೀತು. ಹೊಸೂರಿನಲ್ಲಾದರೆ ತಮಿಳು, ಕಾಸರಗೋಡಿನಲ್ಲಾದರೆ ಮಲಯಾಳ, ಆದೋನಿಯಲ್ಲಾದರೆ ತೆಲುಗು, ಅಷ್ಟೇ ವ್ಯತ್ಯಾಸ.

ನಮ್ಮ ಕಾಕಾ ಅವರಿಗೆ ಎಂಟು ವರ್ಷಗಳ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಮುಂಬಯಿಯಲ್ಲಿ ಆಪರೇಷನ್ ಆಯಿತು, ಆರು ತಿಂಗಳು ಔಷಧ ನಡೆಯಿತು, ಮನುಷ್ಯ ಗುಣವಾಗಿ ಊರಿಗೆ ಬಂದರು. ಮತ್ತೆ ಹೊಲ, ಮತ್ತೆ ಎತ್ತು. ಕಳೆದ ಸಲ ಜೋಳದ ರಾಶಿಯ ಹೊತ್ತಿಗೆ ಅವರಿಗೆ ಎದೆ ಹಿಡಿದಂತಾಯಿತು. ಕಲಬುರಗಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಕೇಳಿದರು, ‘ಹಿಂದೆ ಏನಾದರೂ ದೊಡ್ಡ ಕಾಯಿಲೆ, ಆಪರೇಷನ್ ಆಗಿತ್ತೇ?’ ಕಾಕಾ, ‘ಏನಿಲ್ರೀ ಸಾಹೇಬ್ರ’ ಎಂದುಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಗೆ ಬಂದ ಮೇಲೆ, ‘ಕಾಕಾ, ಮುಂಬಯಿದು ಯಾಕ ಹೇಳ್ಲಿಲ್ರೀ?’ ಎಂದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ‘ಅದು ಹೊಟ್ಟೀದಪಾ. ಇದು ಎದೀದು. ಅದಕ್ಕೂ ಇದಕ್ಕೂ ಏನ್ ಸಂಬಂಧ?’

ಕಾಕಾ ಅವರನ್ನು ನೋಡಿ ನಗುವ ಮೊದಲು ಒಂದು ಮಾತು. ದೊಡ್ಡ ದೊಡ್ಡ ವೈದ್ಯರೂ ಬಹಳ ಕಾಲ ಹಾಗೆಯೇ ನಡೆದುಕೊಂಡವರು. ಹೊಟ್ಟೆಯವರು ಹೊಟ್ಟೆ ನೋಡಿದರು, ಎದೆಯವರು ಎದೆ ನೋಡಿದರು. ಇವೆರಡರ ನಡುವೆ ದಾರಿಯಿದೆ ಎಂದು ತಿಳಿಯಲು ಬಹುಪಾಲು ಒಂದು ಶತಮಾನವೇ ಹಿಡಿಯಿತು. ಆ ದಾರಿಯ ಕಥೆಯನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲಿಗೆ, ಈ ಪ್ರಶ್ನೆ ಏಳಬೇಕಾದರೆ ಕರುಳಿನ ಕ್ಯಾನ್ಸರಿನಿಂದ ಬದುಕಿ ಉಳಿದವರು ಇರಬೇಕಲ್ಲ? ಅಂಥವರೇ ಬಹಳ ಕಡಿಮೆ ಇದ್ದರು. ಲಂಡನ್ನಿನಲ್ಲಿ ಅರ್ನೆಸ್ಟ್ ಮೈಲ್ಸ್ ಎಂಬ ಶಸ್ತ್ರವೈದ್ಯರಿದ್ದರು. ದೊಡ್ಡ ಕರುಳಿನ ಕೊನೆಯ ಭಾಗವಾದ ಗುದನಾಳದ ಕ್ಯಾನ್ಸರಿಗೆ ಅವರು ಹಳೆಯ ಪದ್ಧತಿಯಂತೆ, ಕೆಳಗಿನಿಂದ ಮಾತ್ರ ಕೊಯ್ದು, 57 ಜನರಿಗೆ ಆಪರೇಷನ್ ಮಾಡಿದ್ದರು. ಆಮೇಲೆ ಅವರು ಪ್ರಾಮಾಣಿಕವಾಗಿ ಲೆಕ್ಕ ಹಾಕಿ ನೋಡಿದರೆ, 54 ಜನರಲ್ಲಿ ರೋಗ ಮರುಕಳಿಸಿತ್ತು. ತನ್ನ ಸೋಲನ್ನು ತಾನೇ ಎಣಿಸಿ ಬರೆದಿಡುವ ವೈದ್ಯ ಅಪರೂಪ. ಆ ಲೆಕ್ಕದಿಂದಲೇ ಅವರು, ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಎರಡೂ ಕಡೆ ಕೊಯ್ದು, ರೋಗ ಹರಡುವ ಸುತ್ತಲಿನ ಭಾಗವನ್ನೂ ಸೇರಿಸಿ ತೆಗೆಯುವ ಹೊಸ ಶಸ್ತ್ರಕ್ರಿಯೆಯನ್ನು 1908ರಲ್ಲಿ ಪ್ರಕಟಿಸಿದರು. ಮಲ ಹೋಗಲು ಹೊಟ್ಟೆಯ ಮೇಲೆ ಶಾಶ್ವತವಾದ ಬೇರೆ ದಾರಿ ಮಾಡಬೇಕಾಗುತ್ತಿತ್ತು. ಕಷ್ಟದ ಬದುಕು ಅದು, ಆದರೂ ಬದುಕು. 1932ರಲ್ಲಿ ಅದೇ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ ಅವರು, ರೋಗ ಕರುಳಿನ ಗೋಡೆಯೊಳಗೇ ಇದೆಯೋ, ಗೋಡೆ ದಾಟಿದೆಯೋ, ಗ್ರಂಥಿಗಳಿಗೆ ಹೋಗಿದೆಯೋ ಎಂದು ಮೂರು ಹಂತ ಮಾಡಿದರು. ಯಾರು ಉಳಿದಾರು ಎಂದು ಮುಂಚೆಯೇ ಅಂದಾಜು ಹೇಳುವುದು ಆಗಿನಿಂದ ಸಾಧ್ಯವಾಯಿತು. ಆದರೆ ಆ ಹೊತ್ತಿಗೆ ಎಲ್ಲರ ಕಣ್ಣೂ ಒಂದೇ ಕಡೆ, ಗಡ್ಡೆ ಮತ್ತೆ ಬಂತೇ ಇಲ್ಲವೇ ಎಂಬುದರ ಮೇಲೆ. ಉಳಿದವನ ಎದೆ ಹೇಗಿದೆ ಎಂದು ಕೇಳುವ ಪುರುಸೊತ್ತು ಯಾರಿಗಿತ್ತು?

ಭಾಷೆಗೆ ಮಾತ್ರ ಈ ಸಂಬಂಧ ಮೊದಲೇ ಗೊತ್ತಿತ್ತು ನೋಡಿ. ಮಗು ಅತ್ತರೆ ತಾಯಿಗೆ ‘ಕರುಳು ಚುರ್ ಎಂದಿತು’ ಎನ್ನುತ್ತೇವೆ. ನೋಯುವುದು ಎದೆ, ಹೆಸರು ಕರುಳಿಗೆ. ತಮಿಳು ಮಲಯಾಳಗಳ ಕುಡಲ್, ಮರಾಠಿಯ ಆತಡೆ, ಇವೆಲ್ಲ ಅದೇ ಅಂಗವೇ ಆದರೂ ನಮ್ಮ ‘ಕರುಳು’ ಎಂಬ ಮಾತಿಗಿರುವ ಬಳಕೆ ಬೇರೆಯೇ. ಇರಲಿ, ಇದು ಮಾತಿನ ಮಾತಾಯಿತು. ಕಥೆಗೆ ಬರೋಣ.

ಹೃದಯದ ಲೆಕ್ಕ ಬೇರೊಂದು ಊರಿನಲ್ಲಿ ಶುರುವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಸಾಧಾರಣ ಊರು. 1948ರಲ್ಲಿ ಆ ಊರಿನ 5,209 ಮಂದಿ ಗಂಡಸರು ಹೆಂಗಸರನ್ನು ಆರಿಸಿ, ಎರಡು ವರ್ಷಕ್ಕೊಮ್ಮೆ ಕರೆದು ಪರೀಕ್ಷಿಸುತ್ತ ಹೋದರು. ಬಿ.ಪಿ. ಎಷ್ಟು, ರಕ್ತದಲ್ಲಿ ಕೊಬ್ಬಿನಂಶ ಎಷ್ಟು, ಬೀಡಿ ಸಿಗರೇಟು ಉಂಟೇ, ಸಕ್ಕರೆ ಕಾಯಿಲೆ ಇದೆಯೇ? ವರ್ಷ ಕಳೆದಂತೆ ಯಾರಿಗೆ ಹೃದಯಾಘಾತವಾಯಿತು, ಯಾರಿಗೆ ಆಗಲಿಲ್ಲ ಎಂದು ಬರೆದಿಟ್ಟರು. ಬಿ.ಪಿ. ಏರಿದರೆ, ಕೊಲೆಸ್ಟರಾಲ್ ಹೆಚ್ಚಿದರೆ ಹೃದಯಕ್ಕೆ ಅಪಾಯ ಎಂದು ಇಂದು ನಮ್ಮೂರಿನ ಕಾಂಪೌಂಡರೂ ಹೇಳುತ್ತಾನಲ್ಲ, ಆ ಮಾತಿಗೆ ಬುನಾದಿ ಬಿದ್ದದ್ದು 1961ರಲ್ಲಿ ಆ ಊರಿನ ಲೆಕ್ಕ ಪ್ರಕಟವಾದಾಗ. ಅಲ್ಲಿಗೆ ಜಗತ್ತಿನಲ್ಲಿ ಎರಡು ಖಾತೆ ಕೀರ್ದಿಗಳಾದವು. ಒಂದು ಕ್ಯಾನ್ಸರಿನದು, ಇನ್ನೊಂದು ಹೃದಯದ್ದು. ಬರೆಯುವವರು ಬೇರೆ, ಓದುವವರೂ ಬೇರೆ.

ಎರಡನ್ನೂ ಒಂದೇ ಊಟದ ತಟ್ಟೆಯಲ್ಲಿಟ್ಟು ನೋಡಿದವರಲ್ಲಿ ಡೆನಿಸ್ ಬರ್ಕಿಟ್ ಎಂಬ ಐರಿಷ್ ಶಸ್ತ್ರವೈದ್ಯರ ಹೆಸರು ಹೇಳಲೇಬೇಕು. ಹುಡುಗನಾಗಿದ್ದಾಗಲೇ ಒಂದು ಕಣ್ಣು ಕಳೆದುಕೊಂಡವರು. ಉಗಾಂಡಾದಲ್ಲಿ ಕೆಲಸ ಮಾಡುತ್ತಿದ್ದಾಗ, ಮಕ್ಕಳ ದವಡೆಯಲ್ಲಿ ಬರುವ ಗಡ್ಡೆ ಎಲ್ಲೆಲ್ಲಿ ಇದೆ ಎಂದು ತಿಳಿಯಲು 1961ರಲ್ಲಿ ಇಬ್ಬರು ಸ್ನೇಹಿತರೊಡನೆ ಹಳೆಯ ಗಾಡಿಯೊಂದರಲ್ಲಿ ಆಫ್ರಿಕದ 10,000 ಮೈಲಿ ಸುತ್ತಿ ಬಂದವರು. ಆಫ್ರಿಕದ ಹಳ್ಳಿಗರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಪರೂಪ, ತಮ್ಮ ನಾಡಿನಲ್ಲಿ ಧಾರಾಳ, ಹೀಗೇಕೆ ಎಂದು ಅವರು ಕೇಳಿಕೊಂಡರು. ಮಿಷನ್ ಆಸ್ಪತ್ರೆಗಳಿಗೆ ಕಾಗದ ಬರೆದು ಬರೆದು ಲೆಕ್ಕ ತರಿಸಿದರು. ನಾರು ತುಂಬಿದ ಒರಟು ಆಹಾರ ಕರುಳನ್ನು ಕಾಯುತ್ತದೆ ಎಂಬ ತಮ್ಮ ವಾದವನ್ನು 1971ರಲ್ಲಿ ಮುಂದಿಟ್ಟರು. ಮರುವರ್ಷವೇ ಅವರ ಸಂಗಾತಿ ಹ್ಯೂ ಟ್ರೋವೆಲ್, ನಾರಿಗೂ ಹೃದ್ರೋಗಕ್ಕೂ ಇದೇ ಸಂಬಂಧ ಇರಬೇಕು ಎಂದು ಬರೆದರು. ಈ ವಾದದ ಎಲ್ಲ ಭಾಗವೂ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಕರುಳಿನಲ್ಲಿ ಒಮ್ಮೆ ಗಂಟು ಎದ್ದವರಿಗೆ ನಾರು ಹೆಚ್ಚಿಸಿ ಕೊಟ್ಟರೂ ಮತ್ತೆ ಗಂಟು ಏಳುವುದು ಕಡಿಮೆಯಾಗಲಿಲ್ಲ ಎಂದು 2000ದಲ್ಲಿ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ಆದರೆ ಇಡೀ ಧಾನ್ಯ, ಕಾಳು, ಸೊಪ್ಪು ತಿನ್ನುವವರಿಗೆ ಕರುಳಿನ ಕ್ಯಾನ್ಸರೂ ಹೃದ್ರೋಗವೂ ಕಡಿಮೆ ಎಂಬ ಸ್ಥೂಲ ಮಾತು ಉಳಿದುಕೊಂಡಿದೆ. ಜೋಳದ ರೊಟ್ಟಿ, ಪುಂಡಿಪಲ್ಯೆ ಉಣ್ಣುವ ನಮಗೆ ಇದು ಹೊಸ ಉಪದೇಶವೇನಲ್ಲ. ಈಗೀಗ ನಾವೇ ರೊಟ್ಟಿ ಬಿಟ್ಟು ಬಿಸ್ಕತ್ತಿಗೆ ಹೋಗುತ್ತಿದ್ದೇವೆ, ಆ ಮಾತು ಬೇರೆ.

ಇಲ್ಲಿ ನಮ್ಮ ಸೊಲ್ಲಾಪುರ ಜಿಲ್ಲೆಯದೇ ಒಂದು ಹೆಮ್ಮೆಯ ಸಂಗತಿ ಇದೆ. ಬಾರ್ಶಿಯ ಜಾತ್ರೆ, ಬಾರ್ಶಿಯ ರೈಲು ನಿಮಗೆ ಗೊತ್ತು. ಭಾರತದ ಹಳ್ಳಿಗಾಡಿನ ಮೊಟ್ಟಮೊದಲ ಕ್ಯಾನ್ಸರ್ ನೋಂದಣಿ ಶುರುವಾದದ್ದೂ ಅದೇ ಬಾರ್ಶಿಯಲ್ಲಿ, 1987ರಲ್ಲಿ. ಅದಕ್ಕೆ ಮುಂಚೆ ಮುಂಬಯಿ, ಬೆಂಗಳೂರು, ಮದ್ರಾಸಿನಂಥ ಪಟ್ಟಣಗಳ ಲೆಕ್ಕವಿತ್ತು, ಹಳ್ಳಿಯ ಲೆಕ್ಕವಿರಲಿಲ್ಲ. ಹಳ್ಳಿಯ ರೋಗಿ ದವಾಖಾನೆಗೇ ಬರದಿದ್ದರೆ ಲೆಕ್ಕ ಎಲ್ಲಿಂದ ಬರಬೇಕು? ಆದ್ದರಿಂದ ಕಾರ್ಯಕರ್ತರೇ ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ 346 ಹಳ್ಳಿಗಳಿಗೆ ತಿರುತಿರುಗಿ ಹೋದರು. ಕಟ್ಟೆಯ ಮೇಲೆ ಕೂತು ಜನರೊಂದಿಗೆ ಮಾತಾಡಿ, ಅನುಮಾನ ಬಂದವರನ್ನು ದವಾಖಾನೆಗೆ ಕಳಿಸಿದರು. ಹಾಗೆ ತೆಗೆದ ಲೆಕ್ಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪಟ್ಟಣಗಳಿಗಿಂತ ಬಹಳ ಕಡಿಮೆ ಕಂಡಿತು. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಕಾಕಾ ಅವರಂಥವರು ಆ ಕಡಿಮೆಯಲ್ಲಿ ಸಿಕ್ಕವರು. ಅಪರೂಪದ ರೋಗದವನಿಗೆ ಊರಿನಲ್ಲಿ ಅನುಭವ ಹೇಳಿಕೊಡುವ ಇನ್ನೊಬ್ಬ ರೋಗಿ ಸಿಗುವುದಿಲ್ಲ.

ಈಗ ಎದೆಯಿಂದ ಹೊಟ್ಟೆಯ ಕಡೆಗೆ ಇಳಿದ ಒಂದು ಪತ್ತೇದಾರಿ. 1951ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಒಂದು ವಿಚಿತ್ರ ಪ್ರಕರಣ ಬರೆದರು. ಒಬ್ಬ ರೋಗಿಯ ಹೃದಯದ ಕವಾಟಕ್ಕೆ ಕ್ರಿಮಿ ಹತ್ತಿತ್ತು, ಅವನ ದೊಡ್ಡ ಕರುಳಿನಲ್ಲಿ ಕ್ಯಾನ್ಸರೂ ಇತ್ತು. ಕಾಕತಾಳೀಯ ಎಂದು ಬಹಳ ಮಂದಿ ಬಿಟ್ಟಿರಬೇಕು. 1977ರ ಹೊತ್ತಿಗೆ ಕರುಳಿನಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಕ್ರಿಮಿಗೂ ಕರುಳಿನ ಕ್ಯಾನ್ಸರಿಗೂ ಸಂಬಂಧ ಇದೆ ಎಂದು ಸ್ಪಷ್ಟವಾಯಿತು. ಅಂದಿನಿಂದ ಹೃದಯದ ಕವಾಟದಲ್ಲಿ ಈ ಕ್ರಿಮಿ ಸಿಕ್ಕಿತೆಂದರೆ, ಒಳ್ಳೆಯ ಹೃದಯತಜ್ಞರು ರೋಗಿಯ ಕರುಳನ್ನೂ ದುರ್ಬೀನು ಹಾಕಿ ನೋಡಿಸುತ್ತಾರೆ.

ಮುಖ್ಯವಾದ ಕೊಂಡಿ ಮಾತ್ರ ಔಷಧದಿಂದ ಬಂತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಎಂಬ ವಿಜ್ಞಾನಿ ಇದ್ದರು. ಇಲಿಯ ಯಕೃತ್ತಿನ ಗಡ್ಡೆ, ಯುರಾಸಿಲ್ ಎಂಬ ವಸ್ತುವನ್ನು ಆರೋಗ್ಯವಂತ ಯಕೃತ್ತಿಗಿಂತ ಆಸೆಯಿಂದ ಎಳೆದುಕೊಳ್ಳುತ್ತದೆ ಎಂದು ಆಗಷ್ಟೇ ತಿಳಿದಿತ್ತು. ಜೀವಕೋಶ ತನ್ನನ್ನು ತಾನು ಇಮ್ಮಡಿ ಮಾಡಿಕೊಳ್ಳಲು ಬೇಕಾದ ಸಾಮಾನು ಅದು. ಹೈಡೆಲ್‌ಬರ್ಗರ್ ಒಂದು ಉಪಾಯ ಮಾಡಿದರು. ಆ ವಸ್ತುವಿನಲ್ಲಿ ಜಲಜನಕದ ಒಂದು ಪರಮಾಣುವನ್ನು ತೆಗೆದು ಆ ಜಾಗದಲ್ಲಿ ಫ್ಲೋರಿನ್ ಕೂರಿಸಿದರು. ನೋಡಲು ಹಾಗೆಯೇ ಇದೆ, ಕೆಲಸಕ್ಕೆ ಬಾರದು. ಬಿತ್ತನೆಯ ಬೀಜದಲ್ಲಿ ಹುರಿದ ಬೀಜ ಬೆರೆಸಿದಂತೆ ಎನ್ನಿ. ಗಡ್ಡೆ ಆಸೆಯಿಂದ ಅದನ್ನು ಎಳೆದುಕೊಂಡು ತಾನೇ ಸಿಕ್ಕಿಬೀಳುತ್ತದೆ. 1957ರಲ್ಲಿ ಪ್ರಕಟವಾದ ಈ ಔಷಧವೇ ಫೈವ್ ಫ್ಲೂರೋಯುರಾಸಿಲ್. ಕ್ಯಾನ್ಸರ್ ವಾರ್ಡಿನಲ್ಲಿ ‘ಫೈವ್ ಎಫ್‌ಯು’ ಎಂದು ಸಿಸ್ಟರುಗಳು ಕರೆಯುವುದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅರವತ್ತು ವರ್ಷ ದಾಟಿದರೂ ಕರುಳಿನ ಕ್ಯಾನ್ಸರಿಗೆ ಇದೇ ಅಡಿಗಲ್ಲು. ಕೆಪೆಸಿಟಾಬೀನ್ ಎಂಬ ಗುಳಿಗೆ ಇದೆಯಲ್ಲ, ಅದೂ ಹೊಟ್ಟೆಗೆ ಹೋದ ಮೇಲೆ ಇದೇ ಔಷಧವಾಗಿ ಮಾರ್ಪಡುತ್ತದೆ.

1975ರಲ್ಲಿ ಬ್ರಿಟನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹ ಬಂತು. ಈ ಔಷಧ ಹರಿಯುತ್ತಿರುವಾಗಲೇ ರೋಗಿಗೆ ಎದೆನೋವು ಕಾಣಿಸುತ್ತದೆ ಎಂಬುದು ಅದರ ಸಾರ. ಆಮೇಲೆ ಬೇರೆ ಬೇರೆ ಕಡೆಯಿಂದ ಇಂಥವೇ ವರದಿ ಬಂದವು. ನೂರರಲ್ಲಿ ಕೆಲವರಿಗೆ ಹೀಗಾಗುತ್ತದೆ. ಬಹಳ ಮಟ್ಟಿಗೆ ಮೊದಮೊದಲ ಸರದಿಯಲ್ಲೇ, ಔಷಧ ಶುರುವಾದ ಕೆಲವು ದಿನಗಳೊಳಗೇ ಆಗುತ್ತದೆ. ಹೃದಯಕ್ಕೆ ರಕ್ತ ತರುವ ನಾಳ ಒಮ್ಮೆಲೇ ಬಿಗಿದುಕೊಳ್ಳುವುದೇ ಮುಖ್ಯ ಕಾರಣ ಎಂದು ವೈದ್ಯರು ಹೇಳುತ್ತಾರೆ. ಹೊಲದಲ್ಲಿ ನೀರಿನ ಪೈಪನ್ನು ಯಾರೋ ಕಾಲಿನಿಂದ ತುಳಿದಂತೆ. ಔಷಧ ನಿಲ್ಲಿಸಿ ಉಪಚಾರ ಮಾಡಿದರೆ ಬಹುತೇಕ ಜನರಲ್ಲಿ ಬಿಗಿತ ಸಡಿಲುತ್ತದೆ. ಆದರೆ ಅದೇ ಔಷಧವನ್ನು ಮತ್ತೆ ಕೊಟ್ಟರೆ ನೋವು ಮರಳುವ ಭಯ ಇದ್ದೇ ಇದೆ, ಜೀವಕ್ಕೇ ಎರವಾದದ್ದೂ ಉಂಟು. ಆದ್ದರಿಂದ ಈ ಔಷಧ ನಡೆಯುತ್ತಿರುವಾಗ ಎದೆ ಹಿಡಿದರೆ, ‘ಗ್ಯಾಸು ಆಗಿರಬೇಕು’ ಎಂದು ಸೋಡಾ ಕುಡಿದು ಮಲಗಬಾರದು, ಆ ಗಳಿಗೆಯಲ್ಲೇ ಹೇಳಬೇಕು. ಹಾಗೆಂದು ಹೆದರಿ ಔಷಧವನ್ನೇ ತಾನಾಗಿ ಬಿಡುವುದೂ ತಪ್ಪು. ಬದುಕಿಸಿದ್ದೂ ಅದೇ ಔಷಧ.

ಮುಂದಿನದು 2004ರ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಹಳ್ಳಿಗಳಿಗೂ ಇದು ತಟ್ಟಿದ ಕಥೆ. ರೋಫೆಕೋಕ್ಸಿಬ್ ಎಂಬ ನೋವಿನ ಗುಳಿಗೆ 1999ರಲ್ಲಿ ಅಮೆರಿಕದ ಪೇಟೆಗೆ ಬಂತು. ಮರ್ಕ್ ಕಂಪನಿ ಅದನ್ನು ವಯಾಕ್ಸ್ ಎಂಬ ಹೆಸರಿನಲ್ಲಿ ಮಾರಿತು. ಮೊಣಕಾಲು ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಹೊಟ್ಟೆಯನ್ನು ಸುಡುವುದಿಲ್ಲ ಎಂದು ಖ್ಯಾತಿಯಾಯಿತು. ಜಗತ್ತಿನಲ್ಲಿ 8 ಕೋಟಿಗೂ ಹೆಚ್ಚು ಜನ ಅದನ್ನು ನುಂಗಿದರು. ಇಂಥ ಗುಳಿಗೆ ಕರುಳಿನ ಗಂಟುಗಳನ್ನೂ ತಡೆಯಬಹುದು ಎಂಬ ಆಸೆ ವಿಜ್ಞಾನಿಗಳಿಗಿತ್ತು. ಕರುಳಿನ ಗೋಡೆಯ ಮೇಲೆ ಅಣಬೆಯಂತೆ ಏಳುವ ಪಾಲಿಪ್ ಎಂಬ ಗಂಟು ವರ್ಷಗಟ್ಟಲೆ ಬೆಳೆದು ಕ್ಯಾನ್ಸರಾಗುವುದುಂಟು. ಅದನ್ನು ಮೊದಲೇ ತಡೆದರೆ ಕ್ಯಾನ್ಸರನ್ನೇ ತಡೆದಂತೆ. ಪಾಲಿಪ್ ತೆಗೆಸಿಕೊಂಡಿದ್ದ 2,586 ಜನರನ್ನು ಸೇರಿಸಿ, ಅರ್ಧದಷ್ಟು ಮಂದಿಗೆ ಈ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಬರೀ ಗುಳಿಗೆ ಕೊಟ್ಟು ಮೂರು ವರ್ಷ ನೋಡುವುದೆಂದು ನಿಶ್ಚಯಿಸಿದರು.

ಹುಡುಕಿದ್ದು ಕರುಳಿನಲ್ಲಿ, ಸಿಕ್ಕಿದ್ದು ಎದೆಯಲ್ಲಿ. ಹದಿನೆಂಟು ತಿಂಗಳು ದಾಟುತ್ತಿದ್ದಂತೆ ಎರಡು ಗುಂಪುಗಳ ಹಾದಿ ಬೇರೆಯಾಯಿತು. ನಿಜವಾದ ಗುಳಿಗೆ ತಿಂದವರಲ್ಲಿ 46 ಮಂದಿಗೆ, ಬರೀ ಗುಳಿಗೆಯವರಲ್ಲಿ 26 ಮಂದಿಗೆ, ರಕ್ತ ಹೆಪ್ಪುಗಟ್ಟಿ ಹೃದಯಾಘಾತವೋ ಪಾರ್ಶ್ವವಾಯುವೋ ಅಂಥದೇ ಇನ್ನೊಂದೋ ಆಗಿತ್ತು. ಸರಿಸುಮಾರು ಇಮ್ಮಡಿ. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. 2004ರ ಸೆಪ್ಟೆಂಬರ್ 30ರಂದು ಕಂಪನಿ ಆ ಗುಳಿಗೆಯನ್ನು ಇಡೀ ಜಗತ್ತಿನಿಂದ ಹಿಂತೆಗೆದುಕೊಂಡಿತು. ಬೇರೆ ಹೆಸರುಗಳಲ್ಲಿ ಅದು ಭಾರತದಲ್ಲೂ ಮಾರಾಟವಾಗುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಸರ್ಕಾರವೂ ನಿಷೇಧಿಸಿತು. ಸಂತೆಯ ದಿನ ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ನೋವಿನ ಗುಳಿಗೆ ತರುವ ರೂಢಿ ನಮ್ಮಲ್ಲಿ ಇಂದಿಗೂ ಉಂಟಲ್ಲವೇ? ಆ ಗುಳಿಗೆ ಹೋಯಿತು, ಅದರ ಬಳಗದ ಬೇರೆ ನೋವಿನ ಗುಳಿಗೆಗಳು ಇನ್ನೂ ಇವೆ. ಕರುಳಿನ ಆಪರೇಷನ್ ಆದವರಾಗಲಿ, ಎದೆಯ ತೊಂದರೆ ಇರುವವರಾಗಲಿ ಅವನ್ನು ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ನುಂಗುವಂತಿಲ್ಲ.

ಇಷ್ಟೆಲ್ಲ ಆದರೂ ಇವು ಬಿಡಿಬಿಡಿ ಸುದ್ದಿಗಳು. ರೋಗ ಗೆದ್ದವನ ಇಡೀ ಬದುಕನ್ನು ನೋಡಬೇಕು ಎಂಬ ಮಾತನ್ನು ಎತ್ತಿದವರು ಒಬ್ಬ ರೋಗಿಯೇ. ಫಿಟ್ಸ್‌ಹ್ಯೂ ಮಲನ್ ಎಂಬ ಅಮೆರಿಕದ ವೈದ್ಯರಿಗೆ ಯೌವನದಲ್ಲೇ ಎದೆಯೊಳಗೆ ಕ್ಯಾನ್ಸರ್ ಆಗಿತ್ತು. ಬದುಕಿಕೊಂಡರು. 1985ರಲ್ಲಿ ಅವರು ಬರೆದ ಲೇಖನದಲ್ಲಿ, ಉಳಿಯುವುದಕ್ಕೂ ಋತುಗಳಿವೆ ಎಂದರು. ಚಿಕಿತ್ಸೆಯ ಕಾಲ ಒಂದು, ಮತ್ತೆ ಬಂದೀತೇ ಎಂದು ಕಾಯುವ ಕಾಲ ಇನ್ನೊಂದು, ಬಹುಮಟ್ಟಿಗೆ ಗುಣವಾಯಿತು ಎನ್ನುವ ಕಾಲ ಮತ್ತೊಂದು. ಆ ಮೂರನೆಯ ಕಾಲದಲ್ಲೂ ಚಿಕಿತ್ಸೆಯ ಗುರುತು ದೇಹದಲ್ಲಿ ಉಳಿದಿರುತ್ತದೆ ಎಂಬುದು ಅವರ ವಾದ. ಮರುವರ್ಷ ಹಲವರು ಸೇರಿ ಅಲ್ಲಿ ಕ್ಯಾನ್ಸರಿನಿಂದ ಉಳಿದವರದೇ ಒಂದು ಒಕ್ಕೂಟ ಕಟ್ಟಿದರು. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ದೊಡ್ಡ ವರದಿಯೊಂದು ಬಂತು. ಚಿಕಿತ್ಸೆ ಮುಗಿಸಿ ಮನೆಗೆ ಹೋಗುವ ಪ್ರತಿಯೊಬ್ಬ ರೋಗಿಯ ಕೈಗೂ, ಯಾವ ಆಪರೇಷನ್, ಯಾವ ಔಷಧ, ಎಷ್ಟು, ಏನು ತೊಂದರೆಯಾಯಿತು, ಮುಂದೆ ಏನು ನೋಡಬೇಕು ಎಂದು ಬರೆದ ಒಂದು ಸಾರಾಂಶ ಕೊಡಬೇಕೆಂದು ಅದು ಹೇಳಿತು.

ಈ ಚೀಟಿ ಯಾಕೆ ಬೇಕು ಎಂಬುದಕ್ಕೆ ಅಂಕಿ ಸಿಕ್ಕಿದ್ದು 2018ರಲ್ಲಿ. ಅಮೆರಿಕದಲ್ಲಿ ಕರುಳಿನ ಕ್ಯಾನ್ಸರ್ ಆದ, 65 ವರ್ಷ ದಾಟಿದ 70,000ಕ್ಕೂ ಹೆಚ್ಚು ಜನರ ದಾಖಲೆಗಳನ್ನು, ಅದೇ ವಯಸ್ಸಿನ ಕ್ಯಾನ್ಸರ್ ಇಲ್ಲದವರ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರು. ಹತ್ತು ವರ್ಷದೊಳಗೆ ಹೊಸದಾಗಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಬಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 57, ಎರಡನೆಯದರಲ್ಲಿ 22. ಹೃದಯ ಸೋತು ಕಾಲು ಬಾವು, ಏದುಸಿರು ಬರುವ ಕಾಯಿಲೆ ಮೊದಲ ಗುಂಪಿನಲ್ಲಿ ನೂರಕ್ಕೆ 54, ಎರಡನೆಯದರಲ್ಲಿ 18. ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಇದ್ದು ಜೊತೆಗೆ ಕಿಮೋ ತೆಗೆದುಕೊಂಡವರಲ್ಲಿ ತೊಂದರೆ ಇನ್ನೂ ಹೆಚ್ಚು. ಇದನ್ನು ಕೇಳಿ ಗಾಬರಿಯಾಗಬೇಡಿ. ಅವರು ವಯಸ್ಸಾದವರು, ಆ ದೇಶದ ಊಟ ಬೇರೆ, ಜೀವನ ಬೇರೆ. ಎಲ್ಲವೂ ಔಷಧದ ತಪ್ಪೂ ಅಲ್ಲ. ತಂಬಾಕು, ಬೊಜ್ಜು, ಸಕ್ಕರೆ ಕಾಯಿಲೆ, ಕೂತಲ್ಲೇ ಕೂರುವ ಬದುಕು, ಇವು ಕರುಳಿಗೂ ಹೃದಯಕ್ಕೂ ಸಮಾನ ವೈರಿಗಳು. ಒಂದರ ದಾರಿಯಲ್ಲಿ ಬಂದವರು ಇನ್ನೊಂದರ ದಾರಿಯಲ್ಲೂ ಇರುತ್ತಾರೆ. ನಾನು ಹೇಳಬೇಕೆಂದದ್ದು ಇಷ್ಟೇ. ಕ್ಯಾನ್ಸರ್ ಹೋಯಿತೆಂದು ಬಿ.ಪಿ. ನೋಡಿಸುವುದನ್ನು ಬಿಟ್ಟವರೇ ಹೆಚ್ಚು ಅಪಾಯದಲ್ಲಿದ್ದಾರೆ.

ಇನ್ನೊಂದು ಚಿಕ್ಕ ಕೊಂಡಿ ಇದೆ, ಅದು ಪಾದದಲ್ಲಿದೆ. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಔಷಧ ಜಪಾನಿನ ನಗೋಯಾದಲ್ಲಿ 1976ರಲ್ಲಿ ತಯಾರಾದದ್ದು. ಅದರಿಂದ ಕೆಲವರಿಗೆ ಅಂಗಾಲು, ಬೆರಳು ಜುಮುಗುಟ್ಟಿ ಮರಗಟ್ಟುತ್ತವೆ. ಕೆಲವರಿಗೆ ವರ್ಷಗಟ್ಟಲೆ ಹೋಗುವುದೇ ಇಲ್ಲ. ಚಪ್ಪಲಿ ಕಾಲಿನಿಂದ ಕಳಚಿ ಹೋದದ್ದೂ ತಿಳಿಯುವುದಿಲ್ಲ ಎಂದು ಕಾಕಾ ಹೇಳುತ್ತಿದ್ದರು. ಕಾಲು ಹೀಗಾದವನು ನಡೆಯುವುದನ್ನು ಬಿಡುತ್ತಾನೆ. ನಡಿಗೆ ಬಿಟ್ಟರೆ ಮೈ ಭಾರವಾಗುತ್ತದೆ, ಸಕ್ಕರೆ ಏರುತ್ತದೆ, ಮುಂದಿನದು ನಿಮಗೇ ಗೊತ್ತು.

ಆ ನಡಿಗೆಯ ಬೆಲೆ ಎಷ್ಟು ಎಂದು ತೂಗಿ ನೋಡಲು 2009ರಲ್ಲಿ ಶುರುವಾದ ಒಂದು ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಹೆಚ್ಚಿನವರು ಕೆನಡಾ, ಆಸ್ಟ್ರೇಲಿಯಾಗಳವರು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕಿಮೋ ಎರಡೂ ಮುಗಿಸಿದ 889 ಜನ. ಅರ್ಧ ಮಂದಿಗೆ ಆರೋಗ್ಯದ ಪುಸ್ತಕ ಕೊಟ್ಟು ಕಳಿಸಿದರು. ಉಳಿದವರ ಬೆನ್ನಿಗೆ ಒಬ್ಬ ಸಲಹೆಗಾರ ನಿಂತು ಮೂರು ವರ್ಷ ವ್ಯಾಯಾಮ ಮಾಡಿಸಿದ. ಕುಸ್ತಿಯ ಗರಡಿಯೇನಲ್ಲ, ವಾರಕ್ಕೆ ಮೂರು ನಾಲ್ಕು ಸಲ, ಮುಕ್ಕಾಲು ತಾಸು ಚುರುಕಾಗಿ ನಡೆದರೆ ಸಾಕಾಗುವಷ್ಟು. ಎಂಟು ವರ್ಷದ ಹೊತ್ತಿಗೆ ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 90 ಮಂದಿ ಜೀವಂತ, ಪುಸ್ತಕದ ಗುಂಪಿನಲ್ಲಿ 83. ವ್ಯಾಯಾಮದವರಲ್ಲಿ ಕೀಲು, ಸ್ನಾಯು ನೋವು ಸ್ವಲ್ಪ ಹೆಚ್ಚಿತ್ತು, ಅದನ್ನೂ ಅವರು ಬರೆದಿದ್ದಾರೆ. ಈ ಪ್ರಯೋಗ ಅಳೆದದ್ದು ಮುಖ್ಯವಾಗಿ ಕ್ಯಾನ್ಸರ್ ಮರಳುವುದನ್ನು, ಹೃದಯವನ್ನಲ್ಲ. ಆದರೆ ಹೃದಯದ ಡಾಕ್ಟರು ಬರೆದುಕೊಡುವ ಮೊದಲ ಔಷಧವೂ ಇದೇ ನಡಿಗೆ ತಾನೇ?

ಕಾಕಾ ಅವರ ಮಾತಿಗೆ ಮರಳುತ್ತೇನೆ. ಅಂದು ನಾನು ಅವರ ಮಾತು ಮೀರಿ, ಊರಿಗೆ ಫೋನು ಮಾಡಿ, ಬಟ್ಟೆಯ ಚೀಲವನ್ನೇ ತರಿಸಿದೆ. ಮರುದಿನ ಬೆಳಗಿನ ಗಾಡಿಗೆ ತಮ್ಮ ತಂದುಕೊಟ್ಟ. ಕಲಬುರಗಿಯ ಡಾಕ್ಟರು ಮುಂಬಯಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಒಂದು ಹಾಳೆಯ ಕೆಳಗೆ ಪೆನ್ನಿನಲ್ಲಿ ಬರೆದ ಒಂದು ಸಾಲಿತ್ತು. ಎರಡನೆಯ ಸರದಿಯಲ್ಲಿ ಎದೆನೋವು, ಇ.ಸಿ.ಜಿ. ಮಾಡಿದೆ, ಔಷಧ ನಿಲ್ಲಿಸಿದೆ ಎಂದು. ‘ಹೌದೇನ್ರೀ ಅಜ್ಜಾರ?’ ಎಂದು ಡಾಕ್ಟರು ಕೇಳಿದರೆ, ಕಾಕಾ ನೆನಪು ಮಾಡಿಕೊಂಡರು. ಬಾಟಲಿ ಹರಿಯುತ್ತಿದ್ದಾಗ ಎದೆ ಹಿಂಡಿದ್ದು ನಿಜ, ಆಮೇಲೆ ಔಷಧ ಬದಲಾಯಿಸಿದ್ದೂ ನಿಜ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಕಾಕು ಹೆದರುತ್ತಾರೆಂದು. ಎಂಟು ವರ್ಷ ಆ ಸಾಲು ಗೂಟಕ್ಕೆ ತೂಗಿಕೊಂಡೇ ಇತ್ತು.

ಆ ಸಾಲಿನಿಂದ ಏನು ಬದಲಾಯಿತು ಎಂದು ಕೇಳುತ್ತೀರಿ. ಹೃದಯದ ನಾಳದಲ್ಲಿ ಅಡಚಣೆ ಇತ್ತು, ಅದಕ್ಕೆ ಉಪಚಾರ ಹೇಗೂ ಆಗುತ್ತಿತ್ತು. ಆದರೆ ರಕ್ತ ತೆಳುವಾಗಿಸುವ ಗುಳಿಗೆ ಕೊಡುವಾಗ ಡಾಕ್ಟರು ಕರುಳಿನ ಆಪರೇಷನ್ನನ್ನು ಗಮನದಲ್ಲಿಟ್ಟರು. ಮಲದಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾದರೆ ಮೂಲವ್ಯಾಧಿ ಎಂದು ಸುಮ್ಮನಿರದೆ ಬರಬೇಕು ಎಂದು ಹೇಳಿದರು. ಮೂರು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ನೋಡಿಸಲು ಬರೆದರು. ಎಂದಾದರೂ ಹಳೆಯ ರೋಗ ಮರಳಿದರೆ ಆ ಹಳೆಯ ಔಷಧವನ್ನು ಕೊಡುವ ಮೊದಲು ತಮ್ಮನ್ನು ಕೇಳಬೇಕೆಂದು ದಪ್ಪಕ್ಷರದಲ್ಲಿ ಬರೆದು ಸಹಿ ಮಾಡಿದರು.

ನಾವು ಗಡಿಯವರು. ಆಪರೇಷನ್ ಒಂದು ರಾಜ್ಯದಲ್ಲಿ, ಇ.ಸಿ.ಜಿ. ಇನ್ನೊಂದರಲ್ಲಿ. ತಲವಾಡಿಯವರು ಚಾಮರಾಜನಗರಕ್ಕೋ ಈರೋಡಿಗೋ ಹೋಗುತ್ತಾರೆ, ಕಾಸರಗೋಡಿನವರು ಮಂಗಳೂರಿಗೆ ಹೋಗುತ್ತಾರೆ. ಒಂದು ಕಡೆಯ ಕಂಪ್ಯೂಟರಿಗೆ ಇನ್ನೊಂದು ಕಡೆಯದು ಗೊತ್ತಿರುವುದಿಲ್ಲ. ಹೆಗಲ ಮೇಲಿನ ಚೀಲ ಮಾತ್ರ ಎರಡೂ ಕಡೆ ಹೋಗಿ ಬರುತ್ತದೆ. ಎದೆ ಹಿಡಿದಾಗ ಕರೆಯುವ 108 ಗಾಡಿಯ ಸಂಖ್ಯೆ ಗಡಿಯ ಆಚೆಗೂ ಈಚೆಗೂ ಒಂದೇ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಾನು ಅರ್ಧ ಹಾಳೆಯ ಮೇಲೆ ಒಂದು ಬದಿಗೆ ಕನ್ನಡದಲ್ಲಿ, ಹಿಂಬದಿಗೆ ಮರಾಠಿಯಲ್ಲಿ ಕಾಕಾ ಅವರ ಎರಡೂ ರೋಗದ ಸಂಗತಿ ಬರೆದು, ಪ್ಲಾಸ್ಟಿಕ್ ಹೊದಿಸಿ ಚೀಲದಲ್ಲಿಟ್ಟೆ. ಔಷಧಗಳ ಹೆಸರನ್ನು ಮಾತ್ರ ಡಾಕ್ಟರಿಂದಲೇ ಬರೆಸಿದೆ. ಸಂಜೆ ಹೊತ್ತು ಅವರು ಊರ ಹೊರಗಿನ ಮಾರುತಿ ಗುಡಿಯವರೆಗೆ ನಡೆಯುತ್ತಾರೆ. ಕಾಲು ಮರಗಟ್ಟಿರುವುದರಿಂದ ಹಿಂದೆ ಪಟ್ಟಿಯಿರುವ ಬೂಟು ಕೊಡಿಸಿದ್ದೇವೆ. ಮೊದಲು ನಾಚಿದರು, ಈಗ ರೂಢಿಯಾಗಿದೆ. ಮೊನ್ನೆ ಊರಿನಲ್ಲಿ ಬಿ.ಪಿ. ನೋಡುವ ಶಿಬಿರವಿತ್ತು. ಮೇಜಿನ ಮುಂದೆ ಕೂತ ಹುಡುಗ ಕಾಗದ ಪೆನ್ನು ಹಿಡಿದು, ‘ಅಜ್ಜಾರ, ಹಿಂದ ಏನರ ಆಗಿತ್ತೇನ್ರೀ?’ ಎಂದ. ಕಾಕಾ ಚೀಲದಿಂದ ಚಾಳೀಸು ತೆಗೆದು ಮೂಗಿನ ಮೇಲಿಟ್ಟುಕೊಂಡು, ಹಾಳೆ ಬಿಚ್ಚಿ ಹೇಳಿದರು.

‘ಬರಕೋರಿ ಸಾಹೇಬ್ರ. ಮೊದಲ ಹೊಟ್ಟೀದು ಬರಕೋರಿ.’